ಮೂಗಿನ ಶಸ್ತ್ರಚಿಕಿತ್ಸೆ: ಊತ ಇಳಿಯುವ ಮುನ್ನ ತೀರ್ಮಾನ ಬೇಡ

ಪ್ರಶ್ನೆ: ಮೂಗಿನ ಸೌಂದರ್ಯ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಾದರೂ ತುದಿ ದಪ್ಪಗಿದೆ, ಮೊದಲು ಕಂಪ್ಯೂಟರಿನಲ್ಲಿ ತೋರಿಸಿದ ಚಿತ್ರದಂತಿಲ್ಲ. ಮತ್ತೆ ಮಾಡಿಸಬೇಕೇ?

ಉತ್ತರ: ಮೂಗಿನ ಮೂಳೆ ಹಾಗೂ ಮೃದ್ವಸ್ಥಿಯನ್ನು ತಿದ್ದುವ ರೈನೋಪ್ಲಾಸ್ಟಿಯಲ್ಲಿ ತುದಿಯ ಊತವೇ ಕೊನೆಗೆ ಇಳಿಯುವಂಥದ್ದಾಗಿದ್ದು, ಅದಕ್ಕೆ ಸುಮಾರು ಒಂದು ವರ್ಷ, ಚರ್ಮ ದಪ್ಪವಿದ್ದರೆ ಇನ್ನೂ ಹೆಚ್ಚು ಕಾಲ ಹಿಡಿಯುವುದರಿಂದ, ಈಗಿನ ಆಕಾರವನ್ನು ಅಂತಿಮವೆಂದು ಎಣಿಸುವುದು ಸರಿಯಲ್ಲ. ಕಂಪ್ಯೂಟರ್ ಚಿತ್ರ ಗುರಿಯನ್ನಷ್ಟೇ ಸೂಚಿಸುತ್ತದೆ. ಗಾಯ ಮಾಯುವ ಬಗೆಯನ್ನು ಅದು ಮುಂಗಾಣಲಾರದು. ಒಂದೇ ಬೆಳಕು, ಒಂದೇ ಕೋನದಲ್ಲಿ ತಿಂಗಳಿಗೊಂದು ಫೋಟೊ ತೆಗೆದು ವೈದ್ಯರಿಗೆ ತೋರಿಸುತ್ತಿರಿ. ವರ್ಷ ಕಳೆದರೂ ಅಸಮಾಧಾನ ಉಳಿದರೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪದವಿ ಪಡೆದ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಮೂಗಿನ ಚಿಂತೆಯಲ್ಲೇ ಗಂಟೆಗಟ್ಟಲೆ ಕನ್ನಡಿ ನೋಡುವಂತಾಗಿದ್ದರೆ ಮನೋವೈದ್ಯರನ್ನು ಕಾಣುವುದು ಅಗತ್ಯ. ಜ್ವರ, ಕೀವು ಅಥವಾ ಉಸಿರಾಟದ ತೊಡಕು ಕಂಡರೆ ಮಾತ್ರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.