ಕಂಪ್ಯೂಟರಿನಿಂದ ಸಿ.ಬಿ. ರೇಡಿಯೋವನ್ನು ನಡೆಸುವ ಬಗೆ

ಮಕ್ತಲ್ ಸೀಮೆಯ ತಂಗಡಿಯ ಬಳಿ ಕೃಷ್ಣೆಯು ಭೀಮೆಯನ್ನು ಕೂಡಿಕೊಳ್ಳುತ್ತಾಳೆ; ಮುಂದೆ ಜುರಾಲಾ ಅಣೆಕಟ್ಟನ್ನು ದಾಟಿ ಗದ್ವಾಲದ ಸೀಮೆಯಲ್ಲಿ ಹರಿಯುತ್ತಾಳೆ. 2009ರ ಅಕ್ಟೋಬರ್ ತಿಂಗಳಲ್ಲಿ ಕೃಷ್ಣಾ, ತುಂಗಭದ್ರೆಗಳು ಉಕ್ಕಿ ಕರ್ನೂಲು, ಮಂತ್ರಾಲಯಗಳಿಗೆ ನೀರು ನುಗ್ಗಿದುದನ್ನು ನಮ್ಮ ಹಿರಿಯರು ಮರೆತಿಲ್ಲ. ಇಂಥ ಪೂರದ ವೇಳೆ ಸುದ್ದಿಯೇ ಪ್ರಾಣರಕ್ಷಕ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ದೂರವಾಣಿಗಳು ಕೆಟ್ಟಾಗ, ಹವ್ಯಾಸಿ ರೇಡಿಯೋ ಪ್ರಯೋಗಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರು ತಮ್ಮ ಕೇಂದ್ರದಿಂದ ಸಂದೇಶಗಳನ್ನು ಸಾಗಿಸಿದರು. ಆದುದರಿಂದ ರೇಡಿಯೋವಿನ ವಿದ್ಯೆ ಕೇವಲ ವಿನೋದವಲ್ಲ.

ಸಿ.ಬಿ. ರೇಡಿಯೋ ಎಂದರೇನು?

27 ಮೆಗಾಹರ್ಟ್ಸ್ ಸಮೀಪದಲ್ಲಿ ಸಾಮಾನ್ಯ ನಾಗರಿಕರು ಮಾತನಾಡುವ ಚಿಕ್ಕ ಯಂತ್ರವೇ ಸಿ.ಬಿ. ರೇಡಿಯೋ. ಇದರ ಅಲೆಯ ಉದ್ದ ಸುಮಾರು 11 ಮೀಟರು. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ 5 ವಾಟ್ ಮೀರದ ಯಂತ್ರಗಳಿಗೆ 2005ರ ನಿಯಮವು ಪರವಾನಗಿಯಿಂದ ವಿನಾಯಿತಿ ನೀಡಿತು. ಪ್ರಸಾರಕ್ಕೆ ಮೊದಲು ಪ್ರಚಲಿತ ನಿಯಮವನ್ನು ವಿಚಾರಿಸಿಕೊಳ್ಳತಕ್ಕದ್ದು.

ಈ ಯಂತ್ರದಲ್ಲಿ ಮೈಕಿನ ಗುಂಡಿಯನ್ನು ಒತ್ತಿದರೆ ಮಾತು, ಬಿಟ್ಟರೆ ಶ್ರವಣ. ಒಂದು ಚಾನೆಲ್ಲಿನಲ್ಲಿ ಒಬ್ಬನು ಮಾತನಾಡುವಾಗ ಉಳಿದವರು ಕೇಳುತ್ತಿರಬೇಕು. ಗುಂಡಿಯನ್ನು ಒತ್ತುವ ಕೆಲಸವನ್ನು ಕಂಪ್ಯೂಟರಿಗೆ ವಹಿಸುವುದೇ ನಮ್ಮ ಇಂದಿನ ಪಾಠ.

ಬೆಳಕಿನ ಸೇತುವೆ

ಕಂಪ್ಯೂಟರಿನ ಯು.ಎಸ್.ಬಿ. ತಂತಿಗೆ ಆರ್ಡುಯಿನೋ ಎಂಬ ಚಿಕ್ಕ ಫಲಕವನ್ನು ಸೇರಿಸಬೇಕು. ಆಜ್ಞೆ ಬಂದೊಡನೆ ಅದರ ಒಂದು ಕಾಲಿನಲ್ಲಿ 5 ವೋಲ್ಟ್ ಹುಟ್ಟುತ್ತದೆ. ಇದನ್ನು ನೇರವಾಗಿ ರೇಡಿಯೋವಿಗೆ ಕೊಡಬಾರದು. ನಡುವೆ ಆಪ್ಟೋಕಪ್ಲರ್ ಇರಬೇಕು. ಅದರೊಳಗೆ ಒಂದು ಕಡೆ ಎಲ್.ಇ.ಡಿ. ದೀಪ, ಇನ್ನೊಂದು ಕಡೆ ಬೆಳಕಿಗೆ ಎಚ್ಚರಗೊಳ್ಳುವ ಟ್ರಾನ್ಸಿಸ್ಟರ್ ಇವೆ. ದೀಪ ಹೊತ್ತಿದರೆ ಟ್ರಾನ್ಸಿಸ್ಟರು ಮೈಕಿನ ಗುಂಡಿಯ ತಂತಿಯನ್ನು ನೆಲತಂತಿಗೆ ಕೂಡಿಸುತ್ತದೆ. ಆಜ್ಞೆ ದಾಟುತ್ತದೆ, ವಿದ್ಯುತ್ತು ದಾಟುವುದಿಲ್ಲ.

ದೀಪಕ್ಕೆ 1.2 ವೋಲ್ಟ್ ಸಾಕು. ಉಳಿದ 3.8 ವೋಲ್ಟನ್ನು 330 ಓಮ್ ರೋಧಕದಿಂದ ಭಾಗಿಸಿದರೆ ಸುಮಾರು 11.5 ಮಿಲಿಆಂಪಿಯರ್ ಆಗುತ್ತದೆ. ಇದು ಯೋಗ್ಯ ಪ್ರಮಾಣ. ಗುಂಡಿಯ ತಂತಿಯ ವಿದ್ಯುತ್ತನ್ನು ಮೊದಲು ಮೀಟರಿನಿಂದ ಅಳೆದು, ಅದು ಆಪ್ಟೋಕಪ್ಲರಿನ ಶಕ್ತಿಯನ್ನು ಮೀರಿದರೆ ಚಿಕ್ಕ ರಿಲೇಯನ್ನು ಬಳಸಬೇಕು.

ಧ್ವನಿಯ ದಾರಿಯಲ್ಲಿಯೂ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಇಡತಕ್ಕದ್ದು. ಮೈಕು ಕೊಡುವುದು ಕೆಲವೇ ಮಿಲಿವೋಲ್ಟು. ಕಂಪ್ಯೂಟರು ಕೊಡುವುದು ಅದಕ್ಕಿಂತ ಎಷ್ಟೋ ಹೆಚ್ಚು. ಸುಮಾರು ನೂರರಲ್ಲೊಂದು ಪಾಲಿಗೆ ತಗ್ಗಿಸದಿದ್ದರೆ ಮಾತು ಒಡೆದು ಕೇಳಿಸುತ್ತದೆ.

ಗುಂಡಿಯನ್ನು ಬಿಡುವ ವಿದ್ಯೆ

ಗುಂಡಿಯನ್ನು ಒತ್ತುವುದು ಸುಲಭ. ತಪ್ಪದೆ ಬಿಡುವುದೇ ಮುಖ್ಯ. ಕಂಪ್ಯೂಟರು ನಡುವೆ ಸ್ತಬ್ಧವಾಗಿ ಗುಂಡಿ ಒತ್ತಿದಂತೆಯೇ ಉಳಿದರೆ, ಆ ಚಾನೆಲ್ಲು ಸುತ್ತಲಿನವರಿಗೆಲ್ಲ ಮುಚ್ಚಿಹೋಗುತ್ತದೆ. ಪೂರದ ದಿನ ನೆರವು ಬೇಡುವವನ ಕೂಗು ಆ ಮೌನದಡಿ ಅಡಗಿಹೋಗಬಹುದು. ಆದುದರಿಂದ ಕಾಲದ ಮಿತಿಯನ್ನು ಕಂಪ್ಯೂಟರಿನಲ್ಲಲ್ಲ, ಫಲಕದಲ್ಲಿಯೇ ಬರೆಯಬೇಕು: 30 ಸೆಕೆಂಡು ಕಳೆದೊಡನೆ, ಬೇರೆ ಆಜ್ಞೆಗೆ ಕಾಯದೆ, ದೀಪ ಆರಬೇಕು. ಜೊತೆಗೆ ಕೈಯಿಂದ ತಪ್ಪಿಸಬಲ್ಲ ಸ್ವಿಚ್ಚೂ ಇರಲಿ. ಪ್ರಸಾರದ ವೇಳೆ ಒಬ್ಬರು ಬಳಿಯಲ್ಲಿಯೇ ಇರಬೇಕು.

ಪರೀಕ್ಷೆ

ಮೊದಲ ಪರೀಕ್ಷೆಯನ್ನು ಆಂಟೆನಾ ಕಟ್ಟದೆ ಮಾಡತಕ್ಕದ್ದು. ಆದರೆ ಬರಿದಾಗಿ ಬಿಟ್ಟರೆ ರೇಡಿಯೋ ಕೆಡಬಹುದು. ಆದುದರಿಂದ 200 ಓಮ್, 2 ವಾಟಿನ ನಾಲ್ಕು ಕಾರ್ಬನ್ ರೋಧಕಗಳನ್ನು ಸಮಾಂತರವಾಗಿ ಬೆಸೆದು ಆಂಟೆನಾದ ಸ್ಥಾನದಲ್ಲಿಡಬೇಕು. 50 ಓಮ್, 8 ವಾಟ್ ದೊರೆಯುತ್ತದೆ. ತಂತಿ ಸುತ್ತಿದ ರೋಧಕ ಬೇಡ. ಅದು ಸುರುಳಿಯಂತೆ ವರ್ತಿಸುತ್ತದೆ. ಬೇಕೆಂದೇ ಕಂಪ್ಯೂಟರಿನ ಕಾರ್ಯಕ್ರಮವನ್ನು ಅರ್ಧಕ್ಕೆ ನಿಲ್ಲಿಸಿ ನೋಡಿರಿ. ಗುಂಡಿ ತಾನಾಗಿ ಬಿಟ್ಟುಕೊಂಡರೆ ಮಾತ್ರ ನಿಮ್ಮ ರಚನೆ ಸಫಲ.

ಈ ಕೆಲಸವನ್ನು ಶಿಕ್ಷಕರ ಸಮಕ್ಷಮದಲ್ಲಿ ಮಾಡಿರಿ. ತಂದೆತಾಯಿಗಳೂ ಮಕ್ಕಳ ಬೆಸುಗೆಯ ಕೆಲಸವನ್ನು ವ್ಯರ್ಥ ಆಟವೆಂದು ತಳ್ಳಿಬಿಡದಿರಲಿ. ಮುಂದೆ ಕಲಿಯಬಯಸುವವರು, 12 ವರ್ಷ ತುಂಬಿದ್ದರೆ, ಹವ್ಯಾಸಿ ರೇಡಿಯೋವಿನ ಸರ್ಕಾರಿ ಪರೀಕ್ಷೆಗೆ ಕುಳಿತುಕೊಳ್ಳಬಹುದು. 1983ರಲ್ಲಿ ಹೈದರಾಬಾದಿನಲ್ಲಿ ಈ ವಿದ್ಯೆಗೆಂದೇ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯು ಸ್ಥಾಪಿತವಾಯಿತು.

ಅಭ್ಯಾಸ

1. 330 ಓಮಿನ ಬದಲಿಗೆ 1000 ಓಮ್ ಇಟ್ಟರೆ ದೀಪದ ವಿದ್ಯುತ್ತೆಷ್ಟು?
2. ಕಾಲಮಿತಿಯನ್ನು ಫಲಕದಲ್ಲಿ ಬರೆಯುವುದೇಕೆ?