ಮಲೆನಾಡಿನ ಮಳೆದಾರಿಗೆ ತಗ್ಗಿನ ಮೋಟಾರ್ ಸೈಕಲ್ಲು
ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಳೆದಾರಿಗೆ ಮೋಟಾರ್ ಸೈಕಲ್ಲನ್ನು ಆರಿಸುವಾಗ ನಾವು ಮೊದಲು ಆಸನದ ಎತ್ತರವನ್ನು ಅಳೆಯುವುದು ಲೇಸು. ಚಿಕ್ಕ ಕ್ರೂಸರ್‌ಗಳಲ್ಲಿ ಅದು ತಗ್ಗು. ಬಜಾಜ್ ಅವೆಂಜರಿನಲ್ಲಿ ಸುಮಾರು 74 ಸೆಂಟಿಮೀಟರ್. ಕೆಸರಿನಲ್ಲಿ ನಿಂತಾಗ ಎರಡೂ ಪಾದಗಳನ್ನು ಊರಬಹುದು. ಆದರೆ ಕಾಲುಮೆಟ್ಟೂ ತಗ್ಗೇ. ಹುಲಿಕಲ್ಲು, ಆಗುಂಬೆ ಘಾಟಿಗಳ ತಿರುವಿನಲ್ಲಿ ಬಹಳ ವಾಲಿಸಿದರೆ ನೆಲಕ್ಕೆ ಉಜ್ಜುವುದು.

ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಿಡಿದರೆ, ಘರ್ಷಣಾಂಕ 0.7 ಇರುವ ಒಣದಾರಿಯಲ್ಲಿ ವಾಹನವು ಸುಮಾರು 7 ಮೀಟರಿಗೆ ನಿಂತೀತು; ದಾರಿ ನೆನೆದು ಅದು 0.4ಕ್ಕೆ ಇಳಿದರೆ 13 ಮೀಟರ್ ಬೇಕು. ವಾಹನ ಹಗುರವೆಂದು ಈ ದೂರ ಕುಗ್ಗದು: ತೂಕ ಇಳಿದಷ್ಟೂ ಘರ್ಷಣೆಯೂ ಇಳಿಯುವುದಷ್ಟೆ!

ಹೆಲ್ಮೆಟ್ಟಿನ ಒಳಪದರವು ತಾನು ಜಜ್ಜಿಹೋಗಿ ತಲೆಯ ಮೇಲಿನ ಬಲವನ್ನು ತಗ್ಗಿಸುತ್ತದೆ; ಪೆಟ್ಟುತಿಂದುದನ್ನು ಮತ್ತೆ ಧರಿಸಲಾಗದು. ಗದ್ದೆಗೊಪ್ಪುವ ಕಂಬಳಿಕೊಪ್ಪೆ ಇಲ್ಲಿ ಸಲ್ಲದು, ಹಾರುವ ಅಂಚು ಚಕ್ರಕ್ಕೆ ಸಿಕ್ಕೀತು. ಮೈಗೊತ್ತಿದ ಮಳೆಯಂಗಿ, ಕೈಗವಸು, ಕಣಕಾಲು ಮುಚ್ಚುವ ಬೂಟುಗಳೇ ತಕ್ಕವು.