ವ್ಯಸನತ್ಯಾಗದ ನಿಯಮವೂ ಕೈಯೊಳಗಿನ ಯಂತ್ರವೂ

ವ್ಯಸನವೆಂಬ ಶಬ್ದವನ್ನು ದುಃಖವೆಂಬ ಅರ್ಥದಲ್ಲಿಯೂ ಚಟವೆಂಬ ಅರ್ಥದಲ್ಲಿಯೂ ಬಳಸುವುದುಂಟು. ಈ ಎರಡು ಅರ್ಥಗಳು ಒಂದೇ ಪದದಲ್ಲಿ ನೆಲೆಸಿರುವುದು ಆಕಸ್ಮಿಕವಲ್ಲ. 'ವಿ' ಎಂಬ ಉಪಸರ್ಗದೊಡನೆ ಎಸೆಯುವುದೆಂಬ ಅರ್ಥದ 'ಅಸ್' ಧಾತು ಕೂಡಿ ಈ ಪದವಾಗಿದೆ. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದರಿಂದ ಅದಕ್ಕೆ ಈ ಹೆಸರು ಬಂದಿತೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಬಿಡಿಸಿ ಹೇಳಿದ್ದಾನೆ. ಹಾಗೆ ಎಸೆಯಲ್ಪಟ್ಟವನು ಮರಳಿ ತನ್ನ ನೆಲೆಗೆ ಬರುವುದು ಹೇಗೆ?

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು ಹೊರಟು, ಕಾಳುಕಡಿಗಳಿಗೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಸಂಗತಿ ಭಕ್ತರಿಗೆ ತಿಳಿದುದೇ ಆಗಿದೆ. ಅವರು 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆಗೆ ಚಟವನ್ನು ಹಾಕುವ ಗಳಿಗೆಯಲ್ಲಿ ಗುರುವಿನ ಸನ್ನಿಧಿಯುಂಟು, ನೆರೆದ ಜನರ ಸಾಕ್ಷಿಯುಂಟು. ಆದರೆ ಮರುದಿನ ಸಂಜೆ, ಗದ್ದೆಯಿಂದಲೋ ಕಚೇರಿಯಿಂದಲೋ ಮರಳುವಾಗ ಮೂಲೆಯ ಅಂಗಡಿಯ ಮುಂದೆ ನಿಂತವನು ಒಬ್ಬಂಟಿಗನು. ನಿಯಮವು ಮುರಿಯುವುದು ಬಹುಮಟ್ಟಿಗೆ ಇಲ್ಲಿಯೇ.

ಇದಕ್ಕೆ ದೇಹಧರ್ಮದ ಕಾರಣವಿದೆ. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ದ್ರವ್ಯವು ಸೇದಿದ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣವು ಅರ್ಧಕ್ಕಿಳಿಯುತ್ತದೆ. ಆಗ ಸಿಡುಕು, ಚಡಪಡಿಕೆಗಳು ತಲೆದೋರಿ ಮತ್ತೆ ಬೇಕೆನಿಸುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನ ಈ ಸಂಕಟ ಅತ್ಯಧಿಕ. ಮೂರು ನಾಲ್ಕು ವಾರಗಳಲ್ಲಿ ಅದು ಬಹಳಷ್ಟು ತಗ್ಗುತ್ತದೆ. ಒಂದೊಂದು ಸಲದ ತೀವ್ರ ಬಯಕೆಯಾದರೋ ಸಾಮಾನ್ಯವಾಗಿ ಕೆಲವು ನಿಮಿಷಗಳದು. ಆದ್ದರಿಂದ ಬಿಡುವವನಿಗೆ ಬೇಕಾದ ನೆರವು ಆ ಕೆಲವು ನಿಮಿಷಗಳೊಳಗೇ ಒದಗಬೇಕು. ಅಷ್ಟರಲ್ಲಿ ಮಠಕ್ಕೆ ಹೋಗಿಬರಲಾಗದು, ವೈದ್ಯನೂ ದೊರೆಯನು. ಮೊಬೈಲಾದರೋ ಅಂಗಿಯ ಜೇಬಿನಲ್ಲಿಯೇ ಇರುತ್ತದೆ. ವ್ಯಸನತ್ಯಾಗದಲ್ಲಿ ಈ ಯಂತ್ರಕ್ಕೆ ಸ್ಥಾನವಿದ್ದರೆ ಅದು ಈ ಸಾಮೀಪ್ಯದಿಂದ ಬಂದುದು, ಅದರ ಜಾಣ್ಮೆಯಿಂದಲ್ಲ.

ಈ ಮಾತು ಬರಿಯ ಊಹೆಯಲ್ಲ. ಬ್ರಿಟನ್ನಿನಲ್ಲಿ ಧೂಮಪಾನ ಬಿಡಬಯಸಿದ 5800 ಮಂದಿಯ ಮೇಲೆ ನಡೆದ ಪರೀಕ್ಷೆಯೊಂದರ ಫಲವು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನವರ ಮೊಬೈಲಿಗೆ ಮೊದಲ ಐದು ವಾರ ದಿನಕ್ಕೆ ಐದು ಸಂದೇಶಗಳು, ಅನಂತರ ವಾರಕ್ಕೆ ಮೂರು ಸಂದೇಶಗಳು ಬರುತ್ತಿದ್ದುವು. ಬಯಕೆ ಕೆರಳಿದಾಗ ಒಂದು ಪದವನ್ನು ಕಳುಹಿಸಿದರೆ ಒಡನೆ ಧೈರ್ಯದ ಉತ್ತರ ಬರುತ್ತಿತ್ತು. ಎಡವಿದಾಗ ಕಳುಹಿಸಲು ಬೇರೊಂದು ಪದವಿತ್ತು. ಆರು ತಿಂಗಳ ತರುವಾಯ ಉಗುಳಿನ ಪರೀಕ್ಷೆಯಿಂದ ದೃಢಪಟ್ಟಂತೆ ಈ ಗುಂಪಿನಲ್ಲಿ ಶೇಕಡಾ 10.7 ಮಂದಿ ಬಿಟ್ಟಿದ್ದರು. ಚಟಕ್ಕೆ ಸಂಬಂಧಿಸದ ಸಂದೇಶಗಳನ್ನು ಪಡೆದವರಲ್ಲಿ ಶೇಕಡಾ 4.9 ಮಂದಿ. ಇಮ್ಮಡಿಗಿಂತ ಹೆಚ್ಚಾಯಿತೆಂಬುದು ಸಂತೋಷದ ಮಾತೇ. ಆದರೆ ನೂರರಲ್ಲಿ ಎಂಬತ್ತೊಂಬತ್ತು ಮಂದಿಗೆ ಅದೊಂದೇ ಸಾಲದೆ ಹೋಯಿತೆಂಬುದನ್ನೂ ಮರೆಯಲಾಗದು.

ನಮ್ಮ ದೇಶದಲ್ಲಿಯೂ ಕೇಂದ್ರ ಸರ್ಕಾರವು 2016ರಲ್ಲಿ ಇಂತಹ ಸಂದೇಶ ಯೋಜನೆಯನ್ನು ಆರಂಭಿಸಿತು. ಅದೇ ವರ್ಷ 1800-11-2356 ಎಂಬ ಉಚಿತ ದೂರವಾಣಿಯೂ ಬಂದಿತು. 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಈ ಸಂಖ್ಯೆಯನ್ನು ಅಚ್ಚುಮಾಡಲಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕೇಂದ್ರವು ಕನ್ನಡದಲ್ಲಿ ಉತ್ತರಿಸುತ್ತದೆ. ಸಲಹೆಗಾರರು ಬಿಡುವ ದಿನವನ್ನು ಗೊತ್ತುಮಾಡಿಸಿ, ಮುಂದೆ ತಾವಾಗಿಯೇ ಕರೆದು ವಿಚಾರಿಸುತ್ತಾರೆ. 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ವಿಷವನ್ನೂ ಅದರ ಮದ್ದಿನ ವಿಳಾಸವನ್ನೂ ಒಂದೇ ಪೊಟ್ಟಣದಲ್ಲಿ ಮಾರುವುದು ಈ ಕಾಲದ ವಿಚಿತ್ರ. ಆದರೂ ವಿಳಾಸವಿರುವುದು ಒಳ್ಳೆಯದೇ.

ಇನ್ನು ದಿನಗಳನ್ನು ಎಣಿಸುವ ಆ್ಯಪ್‌ಗಳ ವಿಷಯ. ಬಿಟ್ಟು ಎಷ್ಟು ದಿನವಾಯಿತು, ಎಷ್ಟು ಹಣ ಉಳಿಯಿತು ಎಂಬುದನ್ನು ಇವು ತೋರಿಸುತ್ತವೆ. ಇಲ್ಲಿ ಸೂಕ್ಷ್ಮವೊಂದಿದೆ. ಒಬ್ಬ ಗೃಹಸ್ಥನು ನಲವತ್ತು ದಿನ ಹೊಗೆಸೊಪ್ಪನ್ನು ಮುಟ್ಟದೆ ಇದ್ದು, ನಲವತ್ತೊಂದನೆಯ ದಿನ ಮದುವೆಯ ಮನೆಯಲ್ಲಿ ಗೆಳೆಯರ ಬಲವಂತಕ್ಕೆ ಒಂದು ಚಿಟಿಕೆ ಬಾಯಿಗಿಟ್ಟನೆಂದು ಭಾವಿಸಬಹುದು. ಎಣಿಕೆ ಸೊನ್ನೆಗೆ ಬರಬೇಕು. ಅವನ ಮುಂದೆ ಆಗ ಮೂರು ದಾರಿಗಳಿರುತ್ತವೆ: ಹೇಗೂ ಕೆಟ್ಟಿತೆಂದು ಪೂರ್ತಿ ಹಳೆಯ ಹಾದಿಗೆ ಬೀಳುವುದು; ಏನೂ ಆಗಿಲ್ಲವೆಂಬಂತೆ ನಲವತ್ತೊಂದೆಂದು ಗುರುತಿಸುವುದು; ಎಡವಿದುದನ್ನು ಎಡವಿದೆನೆಂದೇ ಬರೆದು ಅಲ್ಲಿಂದಲೇ ನಡೆಯುವುದು. ಮೊದಲನೆಯದರಲ್ಲಿ ನಿಯಮ ಹೋಯಿತು. ಎರಡನೆಯದರಲ್ಲಿ ಸತ್ಯ ಹೋಯಿತು, ನಿಯಮ ಹೋಗುವುದಕ್ಕೂ ಬಹಳ ದಿನ ಬೇಕಿಲ್ಲ. ಯಂತ್ರಕ್ಕೆ ಸುಳ್ಳು ಹೇಳುವುದು ಅತಿ ಸುಲಭ; ಅದು ಮುಖವನ್ನು ನೋಡಲಾರದು. ಮನೆಯಾಕೆ ನೋಡಬಲ್ಲಳು, ಗುರುವು ನೋಡಬಲ್ಲನು.

ಆದುದರಿಂದ ಎಣಿಕೆಗಿಂತ ಬರವಣಿಗೆಯೇ ಮುಖ್ಯ. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಊಟವಾದ ಮೇಲೋ ಚಹದೊಡನೆಯೋ ಬಯಕೆ ಬಂದಿತೆಂಬುದನ್ನು ಹದಿನೈದು ದಿನ ಗುರುತಿಸಿದರೆ ಶತ್ರು ಬರುವ ಬಾಗಿಲು ಕಾಣುತ್ತದೆ. ಹಿಂದಿನ ನಲವತ್ತು ದಿನಗಳ ದಾಖಲೆಯನ್ನು ಅಳಿಸಲೂ ಬಾರದು. ಬಿಡಲು ಸಾಧ್ಯವೆಂಬುದಕ್ಕೆ ಅದೇ ಪ್ರಮಾಣ. ಮನೆಯವರಾದರೂ ಮೊಬೈಲನ್ನು ಕಸಿದು ಲೆಕ್ಕ ನೋಡಬಾರದು. ತಾನಾಗಿ ತೋರಿಸಿದ ದಿನ ಬಯ್ಯದೆ ಕೇಳಿದರೆ ಮತ್ತೊಂದು ದಿನವೂ ತೋರಿಸಿಯಾನು.

ಮದ್ಯದ ವಿಷಯದಲ್ಲಿ ಎಚ್ಚರಿಕೆ ಬೇರೆಯೇ. ಅಮೆರಿಕದಲ್ಲಿ ಚಿಕಿತ್ಸಾಲಯದಿಂದ ಹೊರಬಂದ 349 ಮಂದಿಯ ಮೇಲೆ ನಡೆದ ಪರೀಕ್ಷೆಯು 2014ರಲ್ಲಿ ಪ್ರಕಟವಾಗಿದೆ. ತಾನೇ ಗುರುತಿಸಿಟ್ಟ ಹಳೆಯ ಕುಡಿತದ ಸ್ಥಳವನ್ನು ಸಮೀಪಿಸಿದೊಡನೆ ಅಲ್ಲಿ ಮೊಬೈಲು ಎಚ್ಚರಿಸುತ್ತಿತ್ತು. ಅದನ್ನು ಪಡೆದವರು ಮಿತಿಮೀರಿ ಕುಡಿದ ದಿನಗಳು ತಿಂಗಳಿಗೆ ಸರಾಸರಿ 1.39, ಉಳಿದವರಲ್ಲಿ 2.75. ಆದರೆ ಅವರೆಲ್ಲರೂ ಮೊದಲು ಚಿಕಿತ್ಸೆ ಪಡೆದವರೆಂಬುದನ್ನು ಗಮನಿಸಬೇಕು. ಬಹುಕಾಲ ನಿತ್ಯವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕವಷ್ಟೇ ಅಲ್ಲದೆ ಮೂರ್ಛೆರೋಗದಂತಹ ಸೆಳವು, ಎರಡು ಮೂರು ದಿನಗಳಲ್ಲಿ ಬುದ್ಧಿಭ್ರಮಣೆ, ಕೆಲವೊಮ್ಮೆ ಮರಣವೂ ಸಂಭವಿಸಬಹುದು. ಅಂತಹವನು ಆಣೆಯಿಟ್ಟು ಮನೆಯಲ್ಲಿ ಮಲಗುವುದಲ್ಲ, ಮೊದಲು ಆಸ್ಪತ್ರೆಗೆ ಹೋಗತಕ್ಕುದು. ಔಷಧಿಯನ್ನು ತೆಗೆದುಕೊಂಡದ್ದರಿಂದ ನಿಯಮಕ್ಕೆ ಕುಂದಿಲ್ಲ. ಈ ಕೆಲಸವನ್ನು ಯಾವ ಆ್ಯಪ್ ಕೂಡ ಮಾಡಲಾರದು.

ಮೊಬೈಲೇ ಒಂದು ವ್ಯಸನವಲ್ಲವೇ ಎಂಬ ಆಕ್ಷೇಪವು ನ್ಯಾಯವಾದುದೇ. ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಅದಕ್ಕಾಗಿ ಪ್ರತ್ಯೇಕ ಚಿಕಿತ್ಸಾ ವಿಭಾಗವನ್ನು ತೆರೆದಿದೆ. ಆಟ, ಜೂಜುಗಳಿಗಾಗಿ ರಾತ್ರಿಯೆಲ್ಲ ತೆರೆಯನ್ನು ದಿಟ್ಟಿಸುವವನಿಗೆ ಅದೇ ತೆರೆಯ ಮೇಲೆ ಮತ್ತೊಂದು ಆ್ಯಪ್ ಹಾಕಿಕೊಡುವುದು ವಿವೇಕವಲ್ಲ. ದಿನಗಳನ್ನು ಎಣಿಸುವುದಕ್ಕೆ ಪರಿಚಿತರೆಲ್ಲರ ಸಂಖ್ಯೆಗಳನ್ನು ಕೇಳುವ ಆ್ಯಪ್‌ನ್ನು ಯಾರೂ ಇಟ್ಟುಕೊಳ್ಳಬೇಕಾಗಿಲ್ಲ. ಇಂತಹವರಿಗೆ ಮನುಷ್ಯಧ್ವನಿಯೇ ಮೇಲು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉತ್ತರ ದೊರೆಯುತ್ತದೆ, ಹಣ ತೆರಬೇಕಾಗಿಲ್ಲ. ಗುಂಡಿಗಳನ್ನು ಒತ್ತುವ ಹಳೆಯ ಮೊಬೈಲಿನಿಂದಲೂ ಅಲ್ಲಿಗೆ ಕರೆ ಹೋಗುತ್ತದೆ. ಓದುಬರಹ ಬಾರದ ಹಿರಿಯರಿಗೆ ಮನೆಯ ಮಕ್ಕಳು ಒಮ್ಮೆ ಸಂಖ್ಯೆಯನ್ನು ಒತ್ತಿಕೊಟ್ಟರಾಯಿತು.